ಎಲ್ಕ್ ಬೇಟೆಗೆ ಯಾವ ತೋಟಾ, ಯಾವ ಗುಂಡು? ನನ್ನ ಹೆಗಲು ತಡೆಯುವಂಥದ್ದು ಬೇಕು

ಬಿಸಿಲೆ (ಫೋರ್ಟ್ ಕಾಲಿನ್ಸ್, ಕೊಲರಾಡೊ) · ಜೂನ್ 14

ಎಲ್ಲರಿಗೂ ನಮಸ್ಕಾರ. ಈ ಸಲದ ಡ್ರಾದಲ್ಲಿ ನನಗೆ ಹೆಣ್ಣು ಎಲ್ಕ್‌ನ (ಕಡವೆಯಂಥ ದೊಡ್ಡ ಜಿಂಕೆ) ಲೈಸೆನ್ಸ್ ಸಿಕ್ಕಿದೆ. ಮೂರನೇ ರೈಫಲ್ ಸೀಸನ್, ಅಂದರೆ ನವೆಂಬರ್. ಹಂಟರ್ ಎಜುಕೇಶನ್ ಕಾರ್ಡ್ ಹೋದ ವರ್ಷವೇ ಮಾಡಿಸಿಕೊಂಡಿದ್ದೆ. ಇಲ್ಲಿವರೆಗೆ ಹೊಡೆದಿರುವುದು .22 ರೈಫಲ್ ಮಾತ್ರ, ಅದೂ ಕಾಗದದ ಗುರಿಗೆ.

ಕೋವಿ ನೋಡಲು ಅಂಗಡಿಗೆ ಹೋದೆ. ಎಲ್ಕ್ ಅಂದ ಕೂಡಲೇ ಕೌಂಟರಿನವರು .300 ವಿನ್ ಮ್ಯಾಗ್ (ಮ್ಯಾಗ್ನಮ್ ಅನ್ನುವ, ಹೆಚ್ಚು ಮದ್ದಿನ ದೊಡ್ಡ ತೋಟಾದ ರೈಫಲ್) ತೆಗೆದು ಕೈಗಿಟ್ಟರು. ಇದಕ್ಕಿಂತ ಚಿಕ್ಕದು ಹಿಡಿದು ಹೋಗಬೇಡಿ ಅಂದರು. ಗೆಳತಿಯ ಗಂಡನ ಹತ್ತಿರ ಅದೇ ತೋಟಾದ ಹಗುರ ರೈಫಲ್ ಇತ್ತು. ಕೊಳ್ಳುವ ಮುಂಚೆ ಹೊಡೆದು ನೋಡೋಣ ಅಂತ ರೇಂಜಿಗೆ ಹೋದೆವು. ಮೊದಲ ಈಡಿಗೇ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ರಕ್ತ ಬಂತು. ಬಟ್ಟೆ ಒತ್ತಿಕೊಂಡು ಇನ್ನೂ ಮೂರು ಹೊಡೆದೆ. ನಾಲ್ಕನೆಯದಕ್ಕೆ ಟ್ರಿಗರ್ ಮೇಲೆ ಬೆರಳಿಡುವಾಗಲೇ ಕಣ್ಣು ತಾನಾಗಿ ಮುಚ್ಚುತ್ತಿತ್ತು. 100 ಗಜದಲ್ಲಿ ನಾಲ್ಕರಲ್ಲಿ ಒಂದೂ ಊಟದ ತಟ್ಟೆಯಷ್ಟು ಜಾಗದೊಳಗೆ ಬೀಳಲಿಲ್ಲ.

ನನ್ನ ಎತ್ತರ 5 ಅಡಿ 2 ಇಂಚು, ತೂಕ 54 ಕೆಜಿ. 300 ಗಜಕ್ಕಿಂತ ದೂರ ಹೊಡೆಯುವ ಆಸೆ ಇಲ್ಲ. ಪ್ರಾಣಿ ನರಳದೆ ಬೀಳಬೇಕು, ನಾನು ಹೆದರದೆ ಹೊಡೆಯಬೇಕು. ಎರಡೂ ಕೂಡಿಬರುವ ತೋಟಾ ಯಾವುದು? ಆ ತೋಟಾದ ತುದಿಯಲ್ಲಿ ಕೂರುವ ಗುಂಡು ಎಂಥದ್ದು?

ಕೊಡವ ತೋಕ್ (ಬೋಝ್‌ಮನ್, ಮೊಂಟಾನಾ) · ಜೂನ್ 14

ತಂಗಿ, ಮೊದಲು ಹುಬ್ಬಿನ ಗಾಯ ಮಾಯಲಿ. ಆ .300 ಅನ್ನು ಇನ್ನೊಮ್ಮೆ ಮುಟ್ಟಬೇಡ.

ಇಲ್ಲಿ ನನ್ನದು ಇದು 22ನೇ ಸೀಸನ್. ಹುಟ್ಟಿದ್ದು ಕೋವಿ ಇರುವ ಮನೆಯಲ್ಲಿ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಆದಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹಿಡಿಯುತ್ತಿದ್ದೆವು. ನಮ್ಮಜ್ಜ ನನ್ನ ಕೈಗೆ ಜೋಡುನಳಿಗೆ ಕೊಡುವ ಮುಂಚೆ ಎರಡು ವರ್ಷ ಏರ್‌ಗನ್ನಿನಲ್ಲೇ ಕಾಲ ಕಳೆಸಿದರು. "ಕೋವಿಗೆ ಹೆದರಿದವನ ಈಡು ಕಾಡಿಗೆ, ಕಾಯಿಗಲ್ಲ" ಅನ್ನುತ್ತಿದ್ದರು. ಇಲ್ಲಿಗೆ ಬಂದು ನೋಡಿದರೆ ದೊಡ್ಡ ದೊಡ್ಡ ಮ್ಯಾಗ್ನಮ್ ಹಿಡಿದವರಲ್ಲೂ ಎಷ್ಟೋ ಜನರಿಗೆ ಅದೇ ಕಾಯಿಲೆ.

ಪ್ರಾಣಿ ಎಷ್ಟು ದೊಡ್ಡದು ಅನ್ನುವುದನ್ನು ತಿಳಿದುಕೋ. ಬೆಳೆದ ಗಂಡು ಎಲ್ಕ್ ಸುಮಾರು 700 ಪೌಂಡ್, ಅಂದರೆ 320 ಕೆಜಿ. ಹೆಣ್ಣು 500 ಪೌಂಡ್, 225 ಕೆಜಿ ಹತ್ತಿರ. ನಮ್ಮ ಕಡೆಯ ದೊಡ್ಡ ಗಂಡು ಕಡವೆಯನ್ನು ಕಣ್ಣ ಮುಂದೆ ತಂದುಕೊಂಡರೆ ನಿನಗೆ ಸಿಕ್ಕ ಲೈಸೆನ್ಸಿನ ಪ್ರಾಣಿ ಹೆಚ್ಚುಕಡಿಮೆ ಅಷ್ಟೇ. ಗಟ್ಟಿ ಜೀವ ನಿಜ. ಆದರೆ ಹೃದಯ, ಶ್ವಾಸಕೋಶ ತೂತಾದಮೇಲೆ ಬದುಕುವ ಜೀವ ಅಲ್ಲ.

ನಾನು ಹಿಡಿಯುವುದು .270 ವಿಂಚೆಸ್ಟರ್, 150 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ತೂಕದ ನಾಸ್ಲರ್ ಪಾರ್ಟಿಷನ್ ಗುಂಡು. ತೋಟಾ ಬಂದಿದ್ದು 1925ರಲ್ಲಿ, ಗುಂಡು 1948ರಲ್ಲಿ. ಎರಡೂ ಹಳೆಯವೇ, ಎಲ್ಕ್‌ಗೆ ಅದು ಗೊತ್ತಿಲ್ಲ. ನಿನ್ನ ಮೈಕಟ್ಟಿಗೆ ಮಾತ್ರ 7ಎಂಎಂ-08 ರೆಮಿಂಗ್ಟನ್ ಇನ್ನೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಆಗುಂಬೆ ಮಳೆ (ಬಾಯ್ಸಿ, ಐಡಾಹೊ) · ಜೂನ್ 15

7ಎಂಎಂ-08 ಕೆಟ್ಟದು ಅಂತ ನಾನು ಹೇಳಲ್ಲ. ಆದರೆ .30-06 ಹೆಸರೇ ಬರಲಿಲ್ಲವಲ್ಲ ಮಾರಾಯ್ರೆ. 1906ರಿಂದ ಈ ದೇಶದಲ್ಲಿ ಅದಕ್ಕೆ ಬಿದ್ದ ಎಲ್ಕ್‌ಗಳ ಲೆಕ್ಕ ಇಟ್ಟವರಿಲ್ಲ. 180 ಗ್ರೇನ್ ಗುಂಡು, ಸೆಕೆಂಡಿಗೆ 2700 ಅಡಿ ವೇಗ. ಪ್ರಾಣಿ ಸ್ವಲ್ಪ ಓರೆಯಾಗಿ ನಿಂತಿದ್ದರೂ ಒಳಗೆ ದೂರ ಹೋಗುತ್ತದೆ.

ಇನ್ನೊಂದು ವಿಷಯ. ಬೆಟ್ಟದ ಊರಿಗೆ ಹೋದಮೇಲೆ ತೋಟಾ ಡಬ್ಬಿ ಮನೆಯಲ್ಲೇ ಮರೆತದ್ದು ಗೊತ್ತಾದರೆ ಏನು ಮಾಡ್ತೀರಿ? ಪೆಟ್ರೋಲ್ ಬಂಕಿನ ಪಕ್ಕದ ಸಣ್ಣ ಅಂಗಡಿಯಲ್ಲೂ .30-06, .308, .270 ಇರುತ್ತವೆ. 7ಎಂಎಂ-08 ಇರುತ್ತೆ ಅಂತ ನಂಬಿಕೊಂಡು ಹೋಗಬೇಡಿ. ತೆಗೆದುಕೊಳ್ಳುವುದಾದರೆ ಒಂದೇ ಲಾಟಿನ ಐದಾರು ಡಬ್ಬಿ ಈಗಲೇ ತೆಗೆದಿಡಿ.

ಧಾರವಾಡದಂವ (ಲಾರಾಮಿ, ವಯೋಮಿಂಗ್) · ಜೂನ್ 15

ನಮಸ್ಕಾರ್ರಿ. ಒದೆತ ಜಾಸ್ತಿ, ಒದೆತ ಕಡಿಮಿ ಅಂತ ಬಾಯಿಲೆ ಹೇಳೂದಕ್ಕಿಂತ ಲೆಕ್ಕಾ ಹಾಕೋದು ಚಲೋ. ನಾ ಮನಿಯಾಗ ತೋಟಾ ತುಂಬತೀನಿ, ಅದಕ್ಕ ಈ ಲೆಕ್ಕ ರೂಢಿ ಆಗೇದ.

ಗುಂಡಿನ ತೂಕಾ ಅದರ ವೇಗಕ್ಕ ಗುಣಿಸ್ರಿ. ಮದ್ದಿನ ತೂಕಾ ನಳಿಗಿಯಿಂದ ಹೊರಗ ಬರೋ ಗ್ಯಾಸಿನ ವೇಗಕ್ಕ ಗುಣಿಸ್ರಿ, ಸುಮಾರು 4000 ಅಡಿ ಅಂತ ಹಿಡೀರಿ. ಎರಡೂ ಕೂಡಿಸಿದ್ರ ಬರೋ ನೂಕು ಎಷ್ಟೋ ಅಷ್ಟ ನೂಕು ಕೋವಿಗೆ ಹಿಂದಕ್ಕ ಬರತದ. ಮದ್ದಿನ ಪಾಲು ಮರಿಬ್ಯಾಡ್ರಿ. ಮ್ಯಾಗ್ನಮ್ಮಿನ್ಯಾಗ 70 ಗ್ರೇನ್ ದಾಟಿ ಮದ್ದು ಸುಡತದ, 7ಎಂಎಂ-08ದಾಗ 42ರ ಆಸುಪಾಸು.

ಸ್ಕೋಪ್ ಸೇರಿ 8 ಪೌಂಡಿನ ಕೋವಿ ಅಂತ ಹಿಡಿದು ಆ ನೂಕಿನಿಂದ ಬರೋ ಒದೆತದ ಶಕ್ತಿ ನಾ ಅಡಿ-ಪೌಂಡಿನ್ಯಾಗ ಹಾಕಿದ ಲೆಕ್ಕ ಹಿಂಗದ. 6.5 ಕ್ರೀಡ್‌ಮೋರ್, 143 ಗ್ರೇನ್, 12 ಅಡಿ-ಪೌಂಡ್. 7ಎಂಎಂ-08, 140 ಗ್ರೇನ್, ಹನ್ನೆರಡೂವರಿ. .308, 165 ಗ್ರೇನ್, 15. .270, 150 ಗ್ರೇನ್, ಹದಿನಾರೂವರಿ. .30-06, 180 ಗ್ರೇನ್, 20. 7ಎಂಎಂ ರೆಮ್ ಮ್ಯಾಗ್ 21. .300 ವಿನ್ ಮ್ಯಾಗ್ 27. ಮದ್ದು ಬ್ಯಾರೆ ಆದ್ರ ಒಂದು ಅಂಕಿ ಹಿಂದ ಮುಂದ ಆಗತದ.

ಈಗ ಅದೇ .300 ಅನ್ನು ಆರೂವರಿ ಪೌಂಡಿನ ಹಗುರ ಕೋವಿಯೊಳಗ ಇಡ್ರಿ. 33ಕ್ಕ ಏರತದ. ಅಕ್ಕಾರ, ನಿಮ್ಮ ಹುಬ್ಬಿಗೆ ಬಡದದ್ದು ಅದು. ಗುಡ್ಡ ಹತ್ತಲಿಕ್ಕೆ ಹಗುರ ಬೇಕು ಅಂತ ಎಲ್ಲಾರೂ ಹಗುರ ಕೋವಿ ತಗೋತಾರ, ಆಮ್ಯಾಲೆ ಹೊಡೀಲಿಕ್ಕೆ ಅಂಜತಾರ. ತೋಟಾ ಸಣ್ಣದು ಮಾಡಿದ್ರ ಹಗುರ ಕೋವಿನೂ ಸಹಿಸಬಹುದು. 7ಎಂಎಂ-08 ಆರೂವರಿ ಪೌಂಡಿನ್ಯಾಗೂ 15 ದಾಟಿ ಸ್ವಲ್ಪ, ಅಷ್ಟ.

ನಳಿಗಿ ತುದಿಗೆ ಮಜಲ್ ಬ್ರೇಕ್ (ಗ್ಯಾಸ್ ಬಾಜೂಕ ಬಿಡೋ ತೂತಿನ ತುಂಡು) ಹಾಕಿಸ್ರಿ ಅಂತ ಯಾರರ ಹೇಳಿಯಾರು. ಒದೆತ ಇಳಿತದ, ಖರೆ. ಆದ್ರ ಸಪ್ಪಳ ಬಾಜೂಕ ತಿರುಗಿ ಕಿವಿಗೆ ಬಡೀತದ. ಕಾಡಿನ್ಯಾಗ ಎಲ್ಕ್ ಕಂಡಾಗ ಕಿವಿಗೆ ಮಫ್ ಹಾಕ್ಕೊಳ್ಳಲಿಕ್ಕೆ ಯಾರಿಗೆ ನೆನಪಿರತದ ಹೇಳ್ರಿ.

ಬಿಸಿಲೆ · ಜೂನ್ 16

ಎಲ್ಲರಿಗೂ ಧನ್ಯವಾದ. ಧಾರವಾಡದ ಅಣ್ಣನ ಲೆಕ್ಕ ನೋಡಿದಮೇಲೆ ನನ್ನ ಮೈಯಲ್ಲಿ ತಪ್ಪಿಲ್ಲ ಅನ್ನುವುದಾದರೂ ಗೊತ್ತಾಯಿತು.

ಒಂದು ಗೊಂದಲ ಉಳಿದಿದೆ. ಎಲ್ಕ್‌ಗೆ ತಾಗುವಾಗ ಗುಂಡಿನಲ್ಲಿ 1500 ಅಡಿ-ಪೌಂಡ್ ಶಕ್ತಿ ಇರಲೇಬೇಕು ಅಂತ ಎಲ್ಲೆಲ್ಲೂ ಓದಿದೆ. ಇದು ಕಾನೂನೇ?

ಕೊಡವ ತೋಕ್ · ಜೂನ್ 16

ಅಲ್ಲ. ನಿಮ್ಮ ಕೊಲರಾಡೊ ಕಾನೂನು ಕೇಳುವುದು ಇಷ್ಟು: ಗುಂಡಿನ ವ್ಯಾಸ ಕನಿಷ್ಠ .24 ಇಂಚು, ಎಲ್ಕ್‌ಗೆ ತೂಕ ಕನಿಷ್ಠ 85 ಗ್ರೇನ್, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ, ತಾಗಿದಾಗ ಅರಳುವ ಗುಂಡು. ಕಾನೂನಿನ ಪ್ರಕಾರ .243 ಕೂಡ ಸಾಕು. ನಾನಾದರೆ ಹೊಸಬರ ಕೈಗೆ ಎಲ್ಕ್‌ಗೆ ಅಂತ .243 ಕೊಡುವುದಿಲ್ಲ, ಅದು ಬೇರೆ.

1500 ಅನ್ನುವುದು ಬೇಟೆಗಾರರ ಬಾಯಿಂದ ಬಾಯಿಗೆ ಬಂದ ಅಂದಾಜು. 140 ಗ್ರೇನಿನ 7ಎಂಎಂ-08ನಲ್ಲಿ ಒಳ್ಳೆಯ ಗುಂಡಿದ್ದರೆ 300 ಗಜದಲ್ಲೂ ಹೆಚ್ಚುಕಡಿಮೆ ಅಷ್ಟು ಉಳಿದಿರುತ್ತದೆ. ಆದರೆ ಶಕ್ತಿಯ ಅಂಕಿ ಪ್ರಾಣಿಯನ್ನು ಕೊಲ್ಲುವುದಿಲ್ಲ. ಗುಂಡು ಮಾಡುವ ತೂತು ಕೊಲ್ಲುತ್ತದೆ. ಆ ತೂತು ಎಲ್ಲಿದೆ, ಎಷ್ಟು ಅಗಲ, ಎಷ್ಟು ಆಳ ಅನ್ನುವುದೇ ಮುಖ್ಯ.

ಅದಕ್ಕೇ ನಾನು ತೋಟಾಕ್ಕಿಂತ ಗುಂಡಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು. ಸೀಸದ ಮೇಲೆ ತೆಳ್ಳನೆ ತಾಮ್ರದ ಅಂಗಿ ತೊಡಿಸಿದ ಸಾದಾ ಗುಂಡು ಸಣ್ಣ ಜಿಂಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತಿರದಿಂದ, ಪೂರ್ತಿ ವೇಗದಲ್ಲಿ ಎಲ್ಕ್‌ನ ಹೆಗಲೆಲುಬಿಗೆ ಬಡಿದರೆ ಅಲ್ಲೇ ಚೂರಾಗಿ ನಿಲ್ಲಬಹುದು. ಜಾನ್ ನಾಸ್ಲರ್ 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ಮೆತ್ತಿದ ದೊಡ್ಡ ಮೂಸ್ (ಜಿಂಕೆ ಜಾತಿಯಲ್ಲೇ ದೊಡ್ಡ ಪ್ರಾಣಿ)‌ಗೆ ಹೊಡೆದಾಗ ಅವರಿಗೆ ಆದದ್ದೂ ಇದೇ. ಕೈಲಿದ್ದದ್ದು .300 ಮ್ಯಾಗ್ನಮ್, ಆದರೂ ಗುಂಡು ಒಳಗೆ ಹೋಗದೆ ಒಡೆಯಿತು. ಅವರು ಊರಿಗೆ ಬಂದು ಇನ್ನೂ ದೊಡ್ಡ ಕೋವಿ ಹುಡುಕಲಿಲ್ಲ, ಗುಂಡನ್ನೇ ಬದಲಿಸಿದರು. ನಡುವೆ ತಾಮ್ರದ ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಒಳಗೆ ನುಗ್ಗುತ್ತದೆ. ಪಾರ್ಟಿಷನ್ ಅಂದರೆ ಇದು.

ಈಗ ಅಂಥ ಗುಂಡುಗಳು ಬೇಕಾದಷ್ಟಿವೆ. ಆಕ್ಯುಬಾಂಡ್ ಥರದವು ಸೀಸವನ್ನು ತಾಮ್ರಕ್ಕೆ ಬೆಸೆದು ಮಾಡಿದವು. ಬಾರ್ನ್ಸ್ ಟಿಟಿಎಸ್‌ಎಕ್ಸ್ ಥರದವು ಪೂರ್ತಿ ತಾಮ್ರ. ಇಂಥ ಗುಂಡು ಹಾಕಿದ 7ಎಂಎಂ-08, ಸಾದಾ ಗುಂಡು ಹಾಕಿದ .300ಗಿಂತ ಎಲ್ಕ್ ವಿಷಯದಲ್ಲಿ ನಂಬಿಕಸ್ತ ಅಂತ ನಾನು ಯಾರ ಮುಂದೆಯೂ ಹೇಳಬಲ್ಲೆ.

ಉತ್ತರ ದಿಕ್ಕು (ಗೋಥೆನ್‌ಬರ್ಗ್, ಸ್ವೀಡನ್) · ಜೂನ್ 17

ದೂರದಿಂದ ಒಂದು ಮಾತು ಸೇರಿಸುತ್ತೇನೆ. ಯೂರೋಪಿನಲ್ಲಿ ಎಲ್ಕ್ ಅಂದರೆ ನೀವು ಮೂಸ್ ಅನ್ನುವ ಪ್ರಾಣಿ. ಗಂಡು 400 ಕೆಜಿ ದಾಟುತ್ತದೆ, ನಿಮ್ಮ ಎಲ್ಕ್‌ಗಿಂತ ದೊಡ್ಡದು. ಇಲ್ಲಿನವರು ಅದನ್ನು ತಲೆಮಾರುಗಳಿಂದ ಹೊಡೆಯುತ್ತಿರುವುದು 1894ರ 6.5x55ನಿಂದ. ಅದರ ಒದೆತ 6.5 ಕ್ರೀಡ್‌ಮೋರ್‌ನ ಆಸುಪಾಸು. ನಮ್ಮ ತಂಡದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಇವತ್ತಿಗೂ ಅದನ್ನೇ ಹಿಡಿದು ತಮ್ಮ ಜಾಗದಲ್ಲಿ ಕೂರುತ್ತಾರೆ.

ಕಾನೂನು ಇಲ್ಲಿ ಬಿಗಿ. ಮೂಸ್‌ಗೆ ಒಂದನೇ ದರ್ಜೆಯ ತೋಟಾ ಬೇಕು. ಗುಂಡು 9 ಗ್ರಾಂ ಇದ್ದರೆ 100 ಮೀಟರಿನಲ್ಲಿ 2700 ಜೌಲ್ ಇರಬೇಕು, 10 ಗ್ರಾಂ ದಾಟಿದರೆ 2000 ಜೌಲ್ ಸಾಕು. ಹಳೆಯ 6.5ರ 156 ಗ್ರೇನ್ ಗುಂಡು 10 ಗ್ರಾಂಗಿಂತ ಚೂರು ಹೆಚ್ಚು, ಹಾಗಾಗಿ ಒಳಗೆ ಬರುತ್ತದೆ. ತೂಕದ ಉದ್ದನೆ ಗುಂಡು ಮೆಲ್ಲಗೆ ಹೋದರೂ ಆಳಕ್ಕೆ ಹೋಗುತ್ತದೆ ಅನ್ನುವ ಅನುಭವವೇ ಕಾನೂನಿನ ಅಂಕಿಯಲ್ಲೂ ಕಾಣುತ್ತದೆ.

ಇಲ್ಲಿ ಬೇಟೆ ಪರೀಕ್ಷೆ ಪಾಸಾಗಬೇಕು. ಅದರಲ್ಲಿ 80 ಮೀಟರ್ ದೂರದಲ್ಲಿ ಹಳಿಯ ಮೇಲೆ ಓಡುವ ಮೂಸ್ ಚಿತ್ರಕ್ಕೂ ಹೊಡೆಯಬೇಕು. ಒದೆತಕ್ಕೆ ಹೆದರುವವರಿಗೆ ಆ ಗುರಿ ದಕ್ಕುವುದಿಲ್ಲ.

ಒಂದು ವ್ಯತ್ಯಾಸ ಮರೆಯಬಾರದು. ನಾವು ಹೊಡೆಯುವುದು ಹೆಚ್ಚಾಗಿ 100 ಮೀಟರ್ ಒಳಗೆ, ದಟ್ಟ ಕಾಡಿನಲ್ಲಿ. ನಿಮ್ಮದು ಬಯಲು ಬೆಟ್ಟ.

ಹೊಸ ವೀಸಾ (ಡೆನ್ವರ್) · ಜೂನ್ 17

ನಡುವೆ ಬಂದದ್ದಕ್ಕೆ ಕ್ಷಮಿಸಿ. ಎಚ್-1ಬಿಯಲ್ಲಿರುವವರು ಕೋವಿ ಕೊಳ್ಳಬಹುದಾ?

ನಿರ್ವಾಹಕ · ಜೂನ್ 17

ಇದು ಪದೇಪದೇ ಬರುವ ಪ್ರಶ್ನೆ, ಒಮ್ಮೆ ಸರಿಯಾಗಿ ಬರೆಯುತ್ತೇನೆ. ಎಚ್-1ಬಿ ಥರದ ವಲಸೆಯೇತರ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಗೆಳೆಯರ ಕೋವಿಯನ್ನು ರೇಂಜಿನಲ್ಲಿ ಹಿಡಿಯುವುದಕ್ಕೂ ಇದು ಅನ್ವಯ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ. ಕೊಳ್ಳುವ ಮುಂಚೆ ವಲಸೆ ವಕೀಲರನ್ನು ಒಮ್ಮೆ ಕೇಳಿ, ಇದರಲ್ಲಿ ತಪ್ಪಿದರೆ ವೀಸಾಕ್ಕೇ ಕುತ್ತು.

ಹಾಗೆಯೇ ಎಲ್ಲರಿಗೂ: ಈ ಚರ್ಚೆ ಲೈಸೆನ್ಸ್ ಇರುವ ಬೇಟೆಯದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಊರ ಕಡೆ ಕಡವೆ, ಕಾಡುಹಂದಿ ಹೊಡೆದ ಕತೆ ಇಲ್ಲಿ ಬೇಡ.

ಬಿಳಿ ಕೋಟು (ಮಿನ್ನಿಯಾಪೊಲಿಸ್) · ಜೂನ್ 19

ನಾನು ಬೇಟೆಗಾರನಲ್ಲ, ಮಕ್ಕಳ ಡಾಕ್ಟರು. ಮನೆಯಲ್ಲಿ ಬೇಟೆ ಮಾಂಸ ತಿನ್ನುವವರು ಇದ್ದಾರೆ ಅನ್ನುವ ಕಾರಣಕ್ಕೆ ಬರೆಯುತ್ತಿದ್ದೇನೆ.

ಸೀಸದ ಗುಂಡು ಮಾಂಸದೊಳಗೆ ಒಡೆದಾಗ ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಎಷ್ಟೋ ದೂರ ಹರಡುತ್ತವೆ. ಗಾಯದ ಸುತ್ತ ಕೆಂಪಾದ ಭಾಗ ಕತ್ತರಿಸಿ ಎಸೆದರೂ ಉಳಿಯುತ್ತವೆ. 2008ರಲ್ಲಿ ನಾರ್ತ್ ಡಕೋಟಾ ರಾಜ್ಯದಲ್ಲಿ ಬಡವರಿಗೆ ಹಂಚಲು ದಾನ ಬಂದಿದ್ದ ಜಿಂಕೆ ಕೈಮಾದಲ್ಲಿ ಸೀಸದ ಚೂರು ಸಿಕ್ಕಿ, ಅದನ್ನು ಎಸೆಯಲು ಅಧಿಕಾರಿಗಳೇ ಹೇಳಬೇಕಾಯಿತು. ಆಮೇಲೆ ಆ ರಾಜ್ಯದಲ್ಲಿ 738 ಜನರ ರಕ್ತ ಪರೀಕ್ಷೆ ಮಾಡಿದಾಗ ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ಸ್ವಲ್ಪ ಹೆಚ್ಚೇ ಇತ್ತು. ದೊಡ್ಡವರಿಗೆ ಆ ಪ್ರಮಾಣ ಗಾಬರಿ ಹುಟ್ಟಿಸುವಂಥದ್ದಲ್ಲ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ನಿಷಿದ್ಧ. ಅಲ್ಲಿ ಅದಕ್ಕೆ ದೊಡ್ಡ ಕಾರಣ ಕಾಂಡೋರ್ ಹದ್ದು. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ತಾಮ್ರದ ಗುಂಡು ನೋಡಿ.

ಬಿಸಿಲೆ · ಜೂನ್ 19

ನನಗೆ ಆರು ವರ್ಷದ ಮಗಳಿದ್ದಾಳೆ. ಹಾಗಾದರೆ ತಾಮ್ರವೇ. ಅಣ್ಣಂದಿರೇ, 7ಎಂಎಂ-08ನಲ್ಲಿ ತಾಮ್ರದ ಗುಂಡು ಎಷ್ಟು ಗ್ರೇನ್?

ಧಾರವಾಡದಂವ · ಜೂನ್ 20

120 ಗ್ರೇನ್. 140 ಅಲ್ಲ. ಕಾರಣ ಹೇಳತೀನಿ.

ತಾಮ್ರ ಸೀಸಕ್ಕಿಂತ ಹಗುರ ಲೋಹ. ಅಷ್ಟ ತೂಕಕ್ಕ ಗುಂಡು ಉದ್ದ ಆಗತದ. ಮತ್ತ ತಾಮ್ರ ಅರಳಬೇಕಾದ್ರ ವೇಗ ಬೇಕು, ಮೆತ್ತಗ ಬಡದ್ರ ಪೆನ್ಸಿಲ್ ಚುಚ್ಚಿಧಂಗ ಸಣ್ಣ ತೂತು ಮಾಡಿ ಹೊಂಟೋಗತದ. ಅದಕ್ಕ ಒಂದು ಮೆಟ್ಲು ಹಗುರ ಗುಂಡು ತಗೊಂಡು ಜೋರಾಗಿ ಬಿಡೂದು. ತೂಕಾ ಕಡಿಮಿ ಆದ್ರ ಆಳಕ್ಕ ಹೋಗೂದಿಲ್ಲ ಅನ್ನೋ ಚಿಂತಿ ಬ್ಯಾಡ. ಸೀಸದ ಗುಂಡು ಒಳಗ ಹೋಗೋದ್ರಾಗ ಮೂರರಾಗ ಒಂದು ಪಾಲು ಕಳಕೋಬಹುದು, ತಾಮ್ರದ್ದು ಹೆಚ್ಚುಕಡಿಮಿ ಪೂರ್ತಿ ಉಳೀತದ. ನಾಕು ಎಸಳು ಬಿಚ್ಚಿ ಹೂವಿನಂಗ ಆಗತದ.

120 ಗ್ರೇನ್ ಟಿಟಿಎಸ್‌ಎಕ್ಸ್ 3000 ಅಡಿ ವೇಗದಾಗ ಹೊಂಟ್ರ 300 ಗಜದಾಗ ಇನ್ನೂ 2300ರ ಹತ್ರ ಇರತದ. ನಾ ತಾಮ್ರದ ಗುಂಡಿಗೆ 2000 ಅಡಿಗಿಂತ ಕೆಳಗ ಇಳೀಲಿಕ್ಕೆ ಬಿಡೂದಿಲ್ಲ, ಅದು ನನ್ನ ನೇಮ. ನಿಮ್ಮ 300 ಗಜಕ್ಕ ಧಾರಾಳ ಆತು. ಒದೆತ ಹನ್ನೆರಡಕ್ಕೂ ಕಡಿಮಿ. ಸ್ಕೋಪು 200 ಗಜಕ್ಕ ಸರಿ ಮಾಡಿಟ್ರ 100ರಾಗ ಒಂದೂವರಿ ಇಂಚು ಮ್ಯಾಲೆ, 300ರಾಗ ಸುಮಾರು 7 ಇಂಚು ಕೆಳಗ ಬೀಳತದ.

ಆಗುಂಬೆ ಮಳೆ · ಜೂನ್ 21

ನಾನು .30-06 ಪರವಾಗಿ ಬರೆದೆ. ಈಗಲೂ ಅದನ್ನೇ ಹಿಡಿಯುತ್ತೇನೆ. ಆದರೆ ಅದಕ್ಕೆ ಹೇಗೆ ಬಂದೆ ಅಂತ ಹೇಳದೆ ಬಿಟ್ಟರೆ ಈ ತಂಗಿಗೆ ಮೋಸ ಮಾಡಿದಂತೆ.

ನಾನು ಮೊದಲು ಕೊಂಡದ್ದು ಮ್ಯಾಗ್ನಮ್ಮೇ. ಅಂಗಡಿಯವರು ಹೇಳಿದರು, ನಾನೂ ಗಂಡಸು ಅಂತ ತೆಗೆದುಕೊಂಡೆ. ರೇಂಜಿನಲ್ಲಿ ಒಂದು ಡಬ್ಬಿ ಹೊಡೆಯಲೂ ಆಗುತ್ತಿರಲಿಲ್ಲ. ಹತ್ತು ಈಡಾದಮೇಲೆ ಏನೋ ನೆಪ ಹೇಳಿ ಎದ್ದುಬಿಡುತ್ತಿದ್ದೆ. ಎರಡನೇ ಸೀಸನ್ನಿನಲ್ಲಿ ಒಂದು ದೊಡ್ಡ ಗಂಡು 240 ಗಜದಲ್ಲಿ ಪಕ್ಕೆ ಕೊಟ್ಟು ನಿಂತಿತು. ಗಾಳಿ ಇರಲಿಲ್ಲ, ಒರಗಲು ಬಂಡೆ ಇತ್ತು. ಅದಕ್ಕಿಂತ ಸುಲಭದ ಈಡು ಸಿಗಲ್ಲ. ಟ್ರಿಗರ್ ಎಳೆಯುವಾಗ ಮೈ ಮೊದಲೇ ಸೆಟೆದುಕೊಂಡಿತು. ಗುಂಡು ಎದೆಗೆ ಹೋಗಲಿಲ್ಲ, ಹೊಟ್ಟೆಗೆ ಹೋಯಿತು.

ಎರಡು ದಿನ ಜಾಡು ಹಿಡಿದು ನಡೆದೆ. ಮೊದಲ ದಿನ ಅಲ್ಲಲ್ಲಿ ಕಪ್ಪಗಿನ ರಕ್ತ, ಹುಲ್ಲಿನ ಚೂರು ಸೇರಿದ್ದು. ಅದು ಮಲಗಿ ಎದ್ದ ಜಾಗ ಮೂರು ಕಡೆ ಸಿಕ್ಕಿತು. ಎರಡನೇ ದಿನ ಹಿಮ ಬಿದ್ದು ಎಲ್ಲ ಮುಚ್ಚಿಹೋಯಿತು. ಸಿಗಲಿಲ್ಲ. ಅದಾಗಿ ಹನ್ನೊಂದು ವರ್ಷ, ಆ ಮೂರು ಜಾಗ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿವೆ.

ಆ ಚಳಿಗಾಲ ಮ್ಯಾಗ್ನಮ್ ಮಾರಿದೆ. .30-06 ನನ್ನ ಹೆಗಲು ತಡೆಯುತ್ತದೆ, ನಾನು 85 ಕೆಜಿ. ನಿಮ್ಮ ಹೆಗಲು 7ಎಂಎಂ-08 ತಡೆಯುತ್ತದೆ ಅಂದರೆ ಅದೇ ನಿಮ್ಮ .30-06. ನನ್ನ ಮೊದಲ ಮಾತನ್ನು ಮರೆತುಬಿಡಿ. ತೋಟಾ ಮೊದಲೇ ಕೊಂಡಿಡಿ ಅಂದದ್ದು ಮಾತ್ರ ನೆನಪಿರಲಿ.

ಕೊಡವ ತೋಕ್ · ಜೂನ್ 21

ಇದನ್ನು ಬರೆದದ್ದಕ್ಕೆ ನಿಮಗೆ ನಮಸ್ಕಾರ. ಎಷ್ಟೋ ಜನ ಬರೆಯುವುದಿಲ್ಲ.

ಬಿಸಿಲೆ · ಆಗಸ್ಟ್ 3

7ಎಂಎಂ-08 ತೆಗೆದುಕೊಂಡೆ, ಕಾಂಪ್ಯಾಕ್ಟ್ ಸ್ಟಾಕಿನದು (ಸ್ಟಾಕು ಅಂದರೆ ಹೆಗಲಿಗೆ ಒತ್ತಿಕೊಳ್ಳುವ ಹಿಂಭಾಗ). ಸ್ಕೋಪ್, ಪಟ್ಟಿ, ನಾಲ್ಕು ತೋಟಾ ಸೇರಿ ಅಡುಗೆಮನೆ ತಕ್ಕಡಿಯಲ್ಲಿ ಎರಡು ಸಲ ತೂಗಿದೆ, 8 ಪೌಂಡಿಗೆ ಸ್ವಲ್ಪ ಕಡಿಮೆ. ಮಾಮೂಲಿ ಸ್ಟಾಕು ನನ್ನ ಕೈಗೆ ಒಂದು ಇಂಚು ಉದ್ದ ಅಂತ ಈಗ ಗೊತ್ತಾಯಿತು. ಉದ್ದ ಸ್ಟಾಕಿನಲ್ಲಿ ಸ್ಕೋಪ್ ಪೂರ್ತಿ ಕಾಣಲೆಂದು ಕತ್ತು ಮುಂದಕ್ಕೆ ಚಾಚುತ್ತಿದ್ದೆ, ಹುಬ್ಬು ಅಲ್ಲೇ ಸಿಕ್ಕಿಬಿದ್ದಿತ್ತು. ಈಗ ಕಣ್ಣಿಗೂ ಸ್ಕೋಪಿಗೂ ನಡುವೆ ನಾಲ್ಕು ಬೆರಳು ಜಾಗ ಇದೆ.

ಒದೆತ ಇದೆ. ಆದರೆ ಅದು ತಳ್ಳಿದಂತೆ, ಹೊಡೆದಂತಲ್ಲ.

ಒಂದು ತೊಂದರೆ ಮಾತ್ರ ಹೋಗಿಲ್ಲ. ಮೊದಲ ಮೂರು ಈಡು ಚೆನ್ನಾಗಿ ಒಂದೇ ಕಡೆ ಬೀಳುತ್ತವೆ, ಆಮೇಲಿನವು ಕೆಳಗೆ ಎಡಕ್ಕೆ ಇಳಿಯುತ್ತವೆ. ಕೋವಿಯ ತಪ್ಪಾ?

ಕೊಡವ ತೋಕ್ · ಆಗಸ್ಟ್ 3

ಕೋವಿಯದ್ದಲ್ಲ ತಂಗಿ. .300ರ ನೆನಪು ಮೈಯಲ್ಲಿ ಕೂತಿದೆ. ಮದ್ದಿಲ್ಲದ ಡಮ್ಮಿ ತೋಟಾ ತೆಗೆದುಕೋ. ಜೊತೆಯಲ್ಲಿ ಬಂದವರು ನಿನಗೆ ತೋರಿಸದೆ ಒಮ್ಮೆ ನಿಜದ್ದು, ಒಮ್ಮೆ ಡಮ್ಮಿ ಹಾಕಿಕೊಡಲಿ. ನೀನು ಹೊಡೆ. ಡಮ್ಮಿ ಬಂದಾಗ ನಳಿಗೆಯ ತುದಿ ಏನು ಮಾಡುತ್ತದೆ ಅಂತ ಅವರು ನೋಡಲಿ, ಸಾಧ್ಯವಾದರೆ ಫೋನಿನಲ್ಲಿ ಹಿಡಿಯಲಿ.

ಒಂದು ದಿನಕ್ಕೆ 15 ದೊಡ್ಡ ತೋಟಾ ಸಾಕು. ಉಳಿದದ್ದೆಲ್ಲ .22ನಲ್ಲಿ. ಮೇಜಿನ ಮೇಲೆ ಕೂತು ಹೊಡೆಯುವುದನ್ನು ಸ್ಕೋಪ್ ಸರಿ ಮಾಡಿಕೊಳ್ಳುವಷ್ಟಕ್ಕೆ ಇಟ್ಟುಕೋ. ಆಮೇಲೆ ನೆಲಕ್ಕೆ ಕೂರು, ಮಂಡಿಯೂರು, ಬೆನ್ನುಚೀಲಕ್ಕೆ ಒರಗಿಸಿ ಹೊಡೆ. ಮೇಜಿನಲ್ಲಿ ಮೈ ಅಲುಗದೆ ಒದೆತ ಪೂರ್ತಿ ಹೆಗಲಿಗೆ ಬರುತ್ತದೆ. ಕೂತಾಗ ಮೈ ಜೊತೆಗೆ ಹಿಂದಕ್ಕೆ ತೂಗುತ್ತದೆ, ಅಷ್ಟು ನೋಯುವುದಿಲ್ಲ.

ಬಿಸಿಲೆ · ಆಗಸ್ಟ್ 18

ಹೇಳಿದ ಹಾಗೇ ಮಾಡಿದೆ. ಮೊದಲ ಡಮ್ಮಿಗೆ ಕ್ಲಿಕ್ ಅಂತ ಸದ್ದು ಬಂತು, ನಳಿಗೆಯ ತುದಿ ಒಂದು ಗೇಣು ಕೆಳಕ್ಕೆ ಹೋಯಿತು. ವಿಡಿಯೊ ನೋಡಿ ನಂಬಲಾಗಲಿಲ್ಲ. ಗುಂಡೇ ಇರಲಿಲ್ಲ, ಒದೆತವೇ ಇರಲಿಲ್ಲ, ಆದರೂ ನಾನು ಕೋವಿಯನ್ನು ಎರಡೂ ಕೈಯಲ್ಲಿ ಕೆಳಗೆ ಒತ್ತಿದ್ದೆ, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಆರು ದಿನ ಹೋಗಿ ಇದನ್ನೇ ಮಾಡಿದೆ. ನಿನ್ನೆ ಐದು ಡಮ್ಮಿಯಲ್ಲಿ ಐದಕ್ಕೂ ತುದಿ ಅಲುಗಲಿಲ್ಲ. ಬೆನ್ನುಚೀಲಕ್ಕೆ ಒರಗಿಸಿ ಕೂತು 200 ಗಜದಲ್ಲಿ 8 ಇಂಚಿನ ಕಾಗದದ ತಟ್ಟೆಗೆ ಹತ್ತಕ್ಕೆ ಒಂಬತ್ತು.

ಆಗುಂಬೆ ಮಳೆ · ಆಗಸ್ಟ್ 18

ಹಾಗಾದರೆ ನಿಮ್ಮ ದೂರ ಈ ವರ್ಷಕ್ಕೆ 200 ಗಜ. 300 ಅಲ್ಲ. ಹತ್ತಿರ ಹೋಗಲು ಕಾಲಿದೆ.

ಪಕ್ಕೆ ಕೊಟ್ಟು ನಿಂತಿದ್ದರೆ ಮುಂಗಾಲಿನ ಹಿಂದೆ, ಎದೆಯ ಎತ್ತರವನ್ನು ಮೂರು ಪಾಲು ಮಾಡಿ ಕೆಳಗಿನ ಪಾಲು ಮುಗಿಯುವಲ್ಲಿ. ಆ ಕಡೆಗೆ ಓರೆಯಾಗಿ ನಿಂತಿದ್ದರೆ ಆಚೆಯ ಮುಂಗಾಲಿಗೆ ಗುಂಡು ಹೋಗಿ ಮುಟ್ಟಬೇಕು ಅಂತ ಲೆಕ್ಕ ಹಾಕಿ ಹಿಡಿಯಿರಿ. ನಿಮ್ಮ ಕಡೆಗೆ ಮುಖ ಮಾಡಿದ್ದರೆ ಕಾಯಿರಿ. ತಾಮ್ರದ ಗುಂಡು ಆಚೆ ದಾಟಿ ಹೋಗುತ್ತದೆ, ಹಿಂದೆ ಇನ್ನೊಂದು ಎಲ್ಕ್ ನಿಂತಿದ್ದರೆ ಬೆರಳು ತೆಗೆಯಿರಿ. ಗುಂಪಿನಲ್ಲಿ ಇದನ್ನು ಮರೆತು ಎರಡು ಬೀಳಿಸಿಕೊಂಡವರಿದ್ದಾರೆ, ಲೈಸೆನ್ಸ್ ಒಂದೇ.

ಬಿಸಿಲೆ · ನವೆಂಬರ್ 24

ತಡವಾಗಿ ಬರೆಯುತ್ತಿದ್ದೇನೆ, ಮಾಂಸದ ಕೆಲಸ ಇವತ್ತಷ್ಟೇ ಮುಗಿಯಿತು.

ಮೂರನೇ ದಿನ ಬೆಳಿಗ್ಗೆ ಸಿಕ್ಕಿತು. 9600 ಅಡಿ ಎತ್ತರ, ಕಣಕಾಲು ಮುಳುಗುವಷ್ಟು ಹಿಮ. ನಾನು, ಗೆಳತಿ, ಅವಳ ಗಂಡ, ಮೂವರೂ ಕಿತ್ತಳೆ ಅಂಗಿ, ಟೋಪಿ. ಬೆಳಕು ಹರಿದು ಅರ್ಧ ಗಂಟೆಗೆ ಆಸ್ಪೆನ್ ಮರಗಳ ಒಳಗಿಂದ ಹನ್ನೊಂದು ಎಲ್ಕ್ ಒಂದರ ಹಿಂದೆ ಒಂದು ಬಂದವು. ರೇಂಜ್‌ಫೈಂಡರ್ 185 ತೋರಿಸಿತು. ಬೆನ್ನುಚೀಲ ಕೆಳಗಿಟ್ಟು ಕೂತೆ. ಕೊನೆಯ ದೊಡ್ಡ ಹೆಣ್ಣು ಸರಿಯಾಗಿ ಪಕ್ಕೆ ಕೊಟ್ಟು ನಿಂತಿತು, ಆದರೆ ಅದರ ಆಚೆ ಮರಿಯೊಂದು ನಿಂತಿತ್ತು. ಆಗುಂಬೆ ಅಣ್ಣನ ಮಾತು ನೆನಪಾಗಿ ಬೆರಳು ತೆಗೆದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಉಸಿರು ಸ್ಕೋಪಿನ ಗಾಜಿಗೆ ಮಂಜು ಕಟ್ಟುತ್ತಿತ್ತು. ಮರಿ ಎರಡು ಹೆಜ್ಜೆ ಮುಂದೆ ಹೋಯಿತು.

ಒದೆತ ನೆನಪೇ ಇಲ್ಲ. ಈಡಿನ ಸದ್ದೂ ನೆನಪಿಲ್ಲ. ಒದ್ದೆ ಗೋಣಿಚೀಲಕ್ಕೆ ದೊಣ್ಣೆಯಲ್ಲಿ ಬಡಿದಂಥ ಒಂದು ಸದ್ದು ಆ ಕಡೆಯಿಂದ ವಾಪಸ್ ಬಂದದ್ದು ಮಾತ್ರ ನೆನಪಿದೆ. ಕಣ್ಣು ತೆರೆದೇ ಇತ್ತು, ಅದು ಬೆನ್ನು ಬಾಗಿಸಿದ್ದನ್ನು ಸ್ಕೋಪಿನಲ್ಲೇ ಕಂಡೆ. ಮೂವತ್ತು ನಲವತ್ತು ಹೆಜ್ಜೆ ನಡೆಯಿತು, ಮುಂಗಾಲು ಮಡಿಸಿತು, ಅಷ್ಟೇ. ಇಪ್ಪತ್ತು ನಿಮಿಷ ಕಾದು ಹೋದೆವು. ಹಿಮದ ಮೇಲೆ ನಸುಗೆಂಪು ನೊರೆ ರಕ್ತ, ಶ್ವಾಸಕೋಶದ್ದು. ಹತ್ತಿರ ಕೂತು ಅದರ ಕತ್ತಿನ ಮೇಲೆ ಕೈಯಿಟ್ಟೆ, ಮೈ ಇನ್ನೂ ಬಿಸಿ ಇತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಗುಂಡು ಪಕ್ಕೆಲುಬುಗಳ ನಡುವೆ ಹೋಗಿ ಆಚೆ ಒಂದು ಪಕ್ಕೆಲುಬು ಮುರಿದು ಹೊರಬಿದ್ದಿದೆ. ಒಳಹೋದ ತೂತು ಕಿರುಬೆರಳಷ್ಟು, ಹೊರಬಂದದ್ದು ಎಂಟಾಣೆಯಷ್ಟು. ರಕ್ತ ಹೆಪ್ಪುಗಟ್ಟಿ ಹಾಳಾದ ಮಾಂಸ ನನ್ನ ಅಂಗೈಗಿಂತ ಕಡಿಮೆ. ಹೆಣ್ಣು ಅನ್ನುವ ಗುರುತನ್ನು ಕಾನೂನಿನ ಪ್ರಕಾರ ಮಾಂಸಕ್ಕೆ ಅಂಟಿದಂತೆಯೇ ಬಿಟ್ಟು, ಮೂಳೆ ಬಿಡಿಸಿ, ಮೂವರೂ ಎರಡೆರಡು ಸಲ ಹೊತ್ತು ಇಳಿಸಿದೆವು. ಸುಮಾರು 160 ಪೌಂಡ್. ಕೋವಿಯ ಒದೆತಕ್ಕಿಂತ ಆ ಹೊರೆ ನನ್ನ ಹೆಗಲಿಗೆ ಹೆಚ್ಚು ನೋವು ಕೊಟ್ಟಿತು.

ತಲೆಯನ್ನು ಸಿಡಬ್ಲ್ಯುಡಿ (ಜಿಂಕೆ ಜಾತಿಯ ಪ್ರಾಣಿಗಳ ಮೆದುಳು ಕೆಡಿಸುವ) ರೋಗದ ಪರೀಕ್ಷೆಗೆ ಕೊಟ್ಟಿದ್ದೆ. ಫಲಿತಾಂಶ ಬರುವ ತನಕ ಮಗಳ ತಟ್ಟೆಗೆ ಹಾಕಲಿಲ್ಲ. ಮೊನ್ನೆ ಬಂತು, ರೋಗ ಪತ್ತೆಯಾಗಿಲ್ಲ.

ಕೊಡವ ತೋಕ್ · ನವೆಂಬರ್ 24

ತಂಗಿ, ವಿಳಾಸ ಖಾಸಗಿಯಾಗಿ ಕಳಿಸು. ಮನೆಯಿಂದ ಬಂದ ಕಾಚಂಪುಳಿ ಒಂದು ಬಾಟಲಿ ಉಳಿದಿದೆ, ನಿನಗೆ ಕಳಿಸುತ್ತೇನೆ. ಎಲ್ಕ್ ಮಾಂಸದಲ್ಲಿ ಕೊಬ್ಬಿಲ್ಲ, ಹಂದಿಯಂತೆ ಒಣಗಿಸಿ ಹುರಿಯಬೇಡ. ಮುಂಗಾಲಿನ ಮಾಂಸ ತೆಗೆದುಕೊಂಡು ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸು, ಕಾಚಂಪುಳಿ ಕೊನೆಗೆ ಒಂದೇ ಚಮಚ.

ಧಾರವಾಡದಂವ · ನವೆಂಬರ್ 25

ಶಾಬಾಸ್ ಅಕ್ಕಾರ. ಹೊಡೆದ ತೋಟಾದ ಖಾಲಿ ಹಿತ್ತಾಳಿ ಕೊಳವಿ ಎಸೀಬ್ಯಾಡ್ರಿ, ನನಗ ಕಳಸ್ರಿ. ಮುಂದಿನ ವರ್ಷದ್ದು ನಾ ತುಂಬಿ ಕೊಡತೀನಿ.